ನಲವತ್ತಮೂರು ಗುಂಡಿಗಳು

ತಾರೀಖು ಹನ್ನೊಂದು, ಮಂಗಳವಾರ. ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಹೆಡ್ ಕಾನ್‌ಸ್ಟೆಬಲ್ ಬಾಗಿಲಲ್ಲಿ ತಲೆ ಹಾಕಿದಾಗ ಇನ್‌ಸ್ಪೆಕ್ಟರ್ ಎಡಗೆನ್ನೆಯನ್ನು ಅಂಗೈಯಲ್ಲಿ ಒತ್ತಿಕೊಂಡು ಕೂತಿದ್ದಳು. ದವಡೆಹಲ್ಲು ಹದಿನೈದು ದಿನದಿಂದ ಪ್ರಾಣ ತಿನ್ನುತ್ತಿತ್ತು. ಹಲ್ಲಿನ ಡಾಕ್ಟರಿಗೆ ಮೂರು ಸಲ ಬರುತ್ತೇನೆಂದು ಹೇಳಿ ಮೂರು ಸಲವೂ ಕೈಕೊಟ್ಟಿದ್ದಳು.

"ಒಬ್ಬ ಹೆಂಗಸು ಬಂದಿದ್ದಾರೆ ಮೇಡಂ. ಕಳವಿನ ದೂರು."

"ಏನು ಕಳೆದಿದೆ?"

"ಕಳೆ."

"ಏನು ಕಳೆದಿದೆ ಅಂತ ಕೇಳಿದ್ದು."

"ಅದನ್ನೇ ಹೇಳ್ತಿದ್ದೀನಿ ಮೇಡಂ. ಕಳೆ. ಹೊಲದಲ್ಲಿ ಕೀಳ್ತಾರಲ್ಲ, ಆ ಕಳೆ. ನಲವತ್ತಮೂರು ಗಿಡ. ಯಾರೋ ಕಿತ್ಕೊಂಡು ಹೋಗಿದ್ದಾರಂತೆ."

ಹೊರಗಿನ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಿತ್ತವನಿಗೆ ಕೂಲಿ ಕೊಡೋದು ಬಿಟ್ಟು ಕೇಸ್ ಹಾಕ್ತಾರಂತೆ ಎಂದು ಇನ್ನೊಬ್ಬರು ಒಗ್ಗರಣೆ ಹಾಕಿದರು. ಇನ್‌ಸ್ಪೆಕ್ಟರಿಗೆ ನಗಲು ಬಾಯಿ ತೆರೆಯುವುದೇ ಕಷ್ಟವಾಗಿತ್ತು. ಗೋಡೆಯ ಹಲಗೆಯಲ್ಲಿ ಬಾಕಿ ಪ್ರಕರಣಗಳ ಸಂಖ್ಯೆ ಮೂವತ್ತೊಂದು ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಒಳಗೆ ಕಳಿಸಿ ಎಂದು ಕೈ ಸನ್ನೆ ಮಾಡಿದಳು.

ಬಂದವಳಿಗೆ ಮೂವತ್ತೈದರ ಆಸುಪಾಸು. ಪ್ಯಾಂಟು ಮೊಣಕಾಲಿನವರೆಗೆ ಮಣ್ಣು. ಕೀಟಗಳ ಸಂಶೋಧಕಿಯೆಂದು ಗುರುತಿನ ಚೀಟಿ ತೋರಿಸಿದಳು. ಮುಚ್ಚಿಹೋದ ನೂಲಿನ ಗಿರಣಿಯ ಹಿಂದೆ ಒಂದು ಎಕರೆ ಪಾಳು ಜಾಗವಿದೆ. ಅಲ್ಲಿ ಮೊಣಕಾಲೆತ್ತರದ, ಹಳದಿ ಹೂವಿನ ಒಂದು ಕಳೆ ಬೆಳೆಯುತ್ತದೆ. ಹೆಬ್ಬೆರಳಿನ ಉಗುರಿನಷ್ಟಿರುವ ಬೂದಿನೀಲಿ ಎಂಬ ಚಿಟ್ಟೆ ಆ ಗಿಡ ಬಿಟ್ಟು ಬೇರೆಲ್ಲೂ ಮೊಟ್ಟೆ ಇಡುವುದಿಲ್ಲ. ಒಂದು ಕಾಲದಲ್ಲಿ ಊರ ತುಂಬ ಇದ್ದ ಚಿಟ್ಟೆ ಈಗ ಉಳಿದಿರುವುದು ಆ ಒಂದು ಎಕರೆಯಲ್ಲಿ ಮಾತ್ರ.

"ಇಪ್ಪತ್ತನೇ ತಾರೀಖು ಜಾಗ ನೋಡೋಕೆ ಸರ್ಕಾರಿ ಕಮಿಟಿ ಬರುತ್ತೆ," ಎಂದಳು ಸಂಶೋಧಕಿ. "ಚಿಟ್ಟೆಯ ಹುಳ ಅಲ್ಲಿದ್ರೆ ಆ ಎಕರೆ ಉಳಿಯುತ್ತೆ. ಇಲ್ದಿದ್ರೆ ಗಿರಣಿಯ ಉಳಿದ ಜಾಗದ ಹಾಗೆ ಅದೂ ಗೋದಾಮಿಗೆ ಹೋಗುತ್ತೆ. ಮೊನ್ನೆ ಭಾನುವಾರ ಸಂಜೆ ಎಣಿಸಿದ್ದೀನಿ. ನಲವತ್ತಮೂರು ಗಿಡ, ನೂರ ಹನ್ನೆರಡು ಹುಳ. ನಿನ್ನೆ ನಾನು ಹೋಗಿರಲಿಲ್ಲ. ಇವತ್ತು ಬೆಳಗ್ಗೆ ಹೋದ್ರೆ ಬರೀ ಗುಂಡಿ."

"ಬೇರೆ ಕಡೆ ನೆಟ್ಟಿದ್ರೆ ಬದುಕಿರುತ್ವಲ್ಲ?"

"ಗಿಡ ಬದುಕಬಹುದು. ಹುಳ ಬದುಕಲ್ಲ. ಅದಕ್ಕೆ ಇರುವೆ ಬೇಕು."

"ಇರುವೆ?"

"ಹುಳದ ಬೆನ್ನಿನಲ್ಲಿ ಒಂದು ಸಿಹಿ ಹನಿ ಒಸರುತ್ತೆ. ಇರುವೆ ಅದನ್ನ ಕುಡಿಯುತ್ತೆ, ಬದಲಿಗೆ ಕಾವಲು ಕಾಯುತ್ತೆ. ಕುಡಿಯೋರಿಲ್ಲದೆ ಹನಿ ಅಲ್ಲೇ ನಿಂತ್ರೆ ಬೂಷ್ಟು ಹಿಡಿದು ಹುಳ ಸಾಯುತ್ತೆ. ಐದಾರು ದಿನ. ವಾರ ಅಂದ್ರೆ ಜಾಸ್ತಿಯಾಯ್ತು."

ಇನ್‌ಸ್ಪೆಕ್ಟರ್ ಇದನ್ನೆಲ್ಲ ಕೇಳಿಸಿಕೊಂಡಳು. ಕೇಳಿಸಿಕೊಂಡದ್ದರಲ್ಲಿ ಅರ್ಧ ಹಲ್ಲಿನ ನೋವಿಗೆ ಹೋಯಿತು. ಹತ್ತು ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು, ಅಪರಾಧ ಸಂಖ್ಯೆ ನೂರ ಹದಿನಾಲ್ಕು. ಕಳುವಾದ ವಸ್ತುವಿನ ವಿವರ ಎಂಬ ಕಾಲಮಿನಲ್ಲಿ ಹೆಡ್ ಕಾನ್‌ಸ್ಟೆಬಲ್ 'ಹುಳ ಸಮೇತ ಕಳೆ ಗಿಡ' ಎಂದು ಬರೆದ.

ಈ ಹೆಡ್ ಕಾನ್‌ಸ್ಟೆಬಲ್ಲಿಗೆ ಠಾಣೆಯಲ್ಲಿ ಸವಿಸ್ತಾರ ಎಂಬ ಅಡ್ಡಹೆಸರು. ಬೇರೆಯವರು ಎರಡು ಪುಟದಲ್ಲಿ ಮುಗಿಸುವ ಪಂಚನಾಮೆಯನ್ನು ಅವನು ಎಂಟು ಪುಟಕ್ಕೆ ಎಳೆಯುತ್ತಿದ್ದ. ಹೆಣದ ಪಕ್ಕದಲ್ಲಿ ಬೆಕ್ಕು ಕೂತಿದ್ದರೆ ಅದರ ಬಣ್ಣ, ಅದು ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದೂ ಅವನ ಬರಹದಲ್ಲಿರುತ್ತಿತ್ತು. ಒಮ್ಮೆ ನ್ಯಾಯಾಧೀಶರೇ ಕೈಮುಗಿದು, ಸ್ವಲ್ಪ ಚಿಕ್ಕದಾಗಿ ಬರೀರಿ ಎಂದಿದ್ದರಂತೆ. ಅಂದಿನಿಂದ ಅವನು ಅಕ್ಷರವನ್ನು ಮಾತ್ರ ಚಿಕ್ಕದು ಮಾಡಿದ್ದ.

ಮಧ್ಯಾಹ್ನ ಹನ್ನೆರಡು ಹದಿನೈದಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಿಗಾಗಿ ಬಹಳ ಹುಡುಕಲಿಲ್ಲ. ಒಬ್ಬ ಗಿರಣಿಯ ಗೇಟಿನೆದುರು ಸೈಕಲ್ ರಿಪೇರಿ ಮಾಡುವವನು. ಇನ್ನೊಬ್ಬ, ಗೋಡೆಯಾಚೆಯ ಹಳೇ ಕಾರ್ಮಿಕರ ಮನೆಗಳ ಸಾಲಿನಿಂದ ಏನೆಂದು ನೋಡಲು ಬಂದ ಮುದುಕ. ಗಿರಣಿ ನಡೆಯುತ್ತಿದ್ದಾಗ ಅಲ್ಲಿಯ ತೋಟದ ಮಾಲಿಯಾಗಿದ್ದವನು. ಎಪ್ಪತ್ತು ದಾಟಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು.

ಗುಂಡಿಗಳು ಗುಂಡಗೆ, ಒಂದೇ ಅಳತೆಯಲ್ಲಿದ್ದವು. ಸಂಶೋಧಕಿ ಮಂಡಿಯೂರಿ ಒಂದೊಂದರಲ್ಲೂ ಬೆರಳಾಡಿಸುತ್ತಿದ್ದಳು.

"ಬೇರು ಹರಿಯದ ಹಾಗೆ ತೆಗೆದಿದ್ದಾರೆ," ಎಂದ ಮಾಲಿ, ಯಾರೂ ಕೇಳದಿದ್ದರೂ.

"ಅಜ್ಜ, ಈ ಎರಡು ರಾತ್ರಿ ಏನಾದ್ರೂ ಸದ್ದು ಕೇಳಿಸ್ತಾ?" ಎಂದಳು ಇನ್‌ಸ್ಪೆಕ್ಟರ್.

"ನನ್ನ ಕಿವಿ ಅಷ್ಟಕ್ಕಷ್ಟೆ ತಾಯಿ."

ಅಷ್ಟರಲ್ಲಿ ಮುಖ್ಯರಸ್ತೆಯಲ್ಲಿ ಬಸ್ಸು ಮಗುಚಿದ ಸುದ್ದಿ ಬಂತು. ಇನ್‌ಸ್ಪೆಕ್ಟರ್ ಸವಿಸ್ತಾರನನ್ನು ಅಲ್ಲೇ ಬಿಟ್ಟು ಹೊರಟಳು. ಸಂಜೆ ಐದಕ್ಕೆ ಅವಳು ಠಾಣೆಗೆ ಹಿಂದಿರುಗಿದಾಗ ಮೇಜಿನ ಮೇಲೆ ಒಂಬತ್ತು ಪುಟದ ಪಂಚನಾಮೆ ಇತ್ತು. ಮೊದಲ ಪುಟದ ಮೇಲೆ ಕಣ್ಣಾಡಿಸಿ, ಕೊನೆಯ ಪುಟಕ್ಕೆ ಸಹಿ ಹಾಕಿ, ಕಡತಕ್ಕೆ ಸೇರಿಸಿಬಿಟ್ಟಳು. ಅವಳ ಜಾಗದಲ್ಲಿ ಬೇರೆ ಯಾರಿದ್ದರೂ ಅಷ್ಟೇ ಮಾಡುತ್ತಿದ್ದರು.

ಹನ್ನೆರಡನೇ ತಾರೀಖು ಗೋದಾಮು ಕಟ್ಟುವವರ ಮೇಸ್ತ್ರಿಯನ್ನು ಕರೆಸಿದಳು. ಲಾಭ ಯಾರಿಗೆಂದು ಕೇಳಿದರೆ ಎಲ್ಲರೂ ಬೆರಳು ಮಾಡುತ್ತಿದ್ದುದು ಅವನ ಕಡೆಗೆ. ಚಿಟ್ಟೆ ಹಿಡ್ಕೊಂಡು ಎಷ್ಟು ದಿನ ಆಡ್ತೀರೋ ನೋಡ್ತೀನಿ ಎಂದು ಸಂಶೋಧಕಿಗೆ ನಾಲ್ಕು ಜನರೆದುರು ಅಂದವನೂ ಅವನೇ.

"ಸೋಮವಾರ ಎಲ್ಲಿದ್ರಿ?"

"ಆಸ್ಪತ್ರೆಯಲ್ಲಿ. ಅಮ್ಮನಿಗೆ ಡಯಾಲಿಸಿಸ್."

"ನಿಮ್ಮ ಆಳುಗಳು?"

"ಅವತ್ತು ರಜೆ."

"ಗಿಡ ಯಾರು ಕಿತ್ರು?"

"ಮೇಡಂ, ಕೀಳಿಸೋದಾದ್ರೆ ಬುಲ್ಡೋಜರ್ ಬಿಟ್ಟು ಒಂದೇ ಏಟಿಗೆ ಬಳಿದು ಹಾಕಿಸ್ತೀನಿ. ಒಂದೊಂದೇ ಗುಂಡಿ ತೋಡ್ಕೊಂಡು ಕೂರೋಕೆ ನನಗೇನು ಬೇರೆ ಕಸುಬಿಲ್ವಾ?"

ಮಾತಿನಲ್ಲಿ ಹುರುಳಿತ್ತು. ಆದರೂ ಅನುಮಾನ ಬೇರೆ ಯಾರ ಮೇಲೆ ಪಡಬೇಕೆಂದು ತಿಳಿಯದೆ ಅವನ ಬೆನ್ನೇ ಹಿಡಿದರು. ಆಸ್ಪತ್ರೆಯ ದಾಖಲೆ, ಫೋನಿನ ಕರೆಗಳು, ಹನ್ನೊಂದು ಆಳುಗಳ ಹೇಳಿಕೆ, ಎರಡು ಟ್ರಕ್ಕುಗಳ ತಪಾಸಣೆ. ಹದಿನಾರನೇ ತಾರೀಖಿನ ಹೊತ್ತಿಗೆ ತಿಳಿದದ್ದಿಷ್ಟು: ಮೇಸ್ತ್ರಿ ಬಾಯಿ ಹರಕ, ಕಳ್ಳನಲ್ಲ.

ಈ ನಡುವೆ ಸಂಶೋಧಕಿ ದಿನಾ ಒಂಬತ್ತು ನಲವತ್ತಕ್ಕೆ ಸರಿಯಾಗಿ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಜಗಳವಿಲ್ಲ, ಕಣ್ಣೀರಿಲ್ಲ. ಇನ್‌ಸ್ಪೆಕ್ಟರ್ ಹಾದುಹೋಗುವಾಗ, "ಇವತ್ತಿಗೆ ನಾಲ್ಕು ದಿನ," ಎನ್ನುತ್ತಿದ್ದಳು. ಮರುದಿನ, "ಇವತ್ತಿಗೆ ಐದು." ಬೈದಿದ್ದರೆ ವಾಸಿಯಿತ್ತು ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸುತ್ತಿತ್ತು. ಹದಿನೇಳನೇ ತಾರೀಖು ಸಂಶೋಧಕಿ ಬರಲಿಲ್ಲ. ಬೆಂಚಿನ ಆ ತುದಿ ಖಾಲಿಯಿರುವುದನ್ನು ಇಡೀ ಠಾಣೆ ಗಮನಿಸಿತು.

ಅಂದು ಮಧ್ಯಾಹ್ನ ಮೂರಕ್ಕೆ ನೋವು ತಡೆಯಲಾರದೆ ಇನ್‌ಸ್ಪೆಕ್ಟರ್ ಹಲ್ಲಿನ ಡಾಕ್ಟರ ಬಳಿ ಹೋದಳು. ಅವಳ ಮುಂದೆ ಐದು ಜನರಿದ್ದರು. ಕೈಚೀಲದಲ್ಲಿ ನೂರ ಹದಿನಾಲ್ಕರ ಕಡತವಿತ್ತು, ಸುಳಿವು ಸಿಗದ ಪ್ರಕರಣವೆಂದು ಮುಚ್ಚುವ ವರದಿ ಬರೆಯಲು ತಂದದ್ದು. ಬೇರೆ ಓದಲು ಇದ್ದದ್ದು ಹಲ್ಲುಜ್ಜುವ ವಿಧಾನದ ಚಿತ್ರಪಟ ಮಾತ್ರ. ಹೀಗಾಗಿ ಆ ಒಂಬತ್ತು ಪುಟಗಳನ್ನು ಅವಳು ಮೊದಲ ಬಾರಿಗೆ ಸಾಲುಸಾಲಾಗಿ ಓದಿದಳು.

ನಾಲ್ಕನೇ ಪುಟದ ಮಧ್ಯದಲ್ಲಿ ಹೀಗಿತ್ತು: 'ಗುಂಡಿ ಸಂಖ್ಯೆ ಹದಿನೇಳರ ಉತ್ತರದ ಅಂಚಿನಲ್ಲಿ ಒಂದು ಚಿಟಿಕೆಯಷ್ಟು ಬಿಳಿ ಪುಡಿ ಚೆಲ್ಲಿರುತ್ತದೆ. ಮೊದಲನೇ ಪಂಚರು ಬಾಗಿ ಮೂಸಿ ನೋಡಿ ಸುಣ್ಣವಿರಬಹುದೆಂದರು. ಎರಡನೇ ಪಂಚರು ಪುಡಿಯನ್ನು ಮುಟ್ಟದೆ, ಮೂಸದೆ, ಆರು ಅಡಿ ದೂರದಲ್ಲಿ ನಿಂತಲ್ಲಿಂದಲೇ, ಸುಣ್ಣವಲ್ಲ, ಇರುವೆ ಪುಡಿ ಎಂದು ತಿಳಿಸಿದರು.'

ಇನ್‌ಸ್ಪೆಕ್ಟರ್ ಇನ್ನೊಮ್ಮೆ ಓದಿದಳು. ಆರು ಅಡಿ ದೂರದಿಂದ ಒಂದು ಚಿಟಿಕೆ ಪುಡಿ. ಮೂಸಿದವನಿಗೆ ತಿಳಿಯದ್ದು ಮೂಸದವನಿಗೆ ತಿಳಿದಿತ್ತು. ಬೇರು ಹರಿಯದ ಹಾಗೆ ತೆಗೆದಿದ್ದಾರೆ ಎಂದಾಗ ಮುದುಕನ ದನಿಯಲ್ಲಿದ್ದ ಸಮಾಧಾನ ಈಗ ನೆನಪಾಯಿತು. ಅದಕ್ಕೆ ಇರುವೆ ಬೇಕು ಎಂದಿದ್ದ ಸಂಶೋಧಕಿಯ ಮಾತೂ ಅದರ ಹಿಂದೆಯೇ ಬಂತು. ಹನ್ನೊಂದನೇ ತಾರೀಖು ಸಂಜೆ ಐದಕ್ಕೆ ಈ ಕಾಗದ ತನ್ನ ಕೈಯಲ್ಲಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಮುಂದಿನವರು ನೀವೇ ಎಂದು ನರ್ಸು ಕರೆಯುವಾಗ ಅವಳು ಮೆಟ್ಟಿಲಿಳಿಯುತ್ತಿದ್ದಳು.

ನಾಲ್ಕು ಇಪ್ಪತ್ತಕ್ಕೆ ಜೀಪು ಕಾರ್ಮಿಕರ ಮನೆಗಳ ಮುಂದೆ ನಿಂತಿತು. ದಾರಿಯಲ್ಲೇ ಫೋನ್ ಮಾಡಿ ಸಂಶೋಧಕಿಯನ್ನೂ ಕರೆಸಿಕೊಂಡಿದ್ದರು. ಬಾಗಿಲು ತೆರೆದವಳು ಮಾಲಿಯ ಸೊಸೆ, ಕೈಯಲ್ಲಿ ಹಿಂಡಿದ ಬಟ್ಟೆ.

"ಮಾವ ಇದ್ದಾರಾ?"

"ಹಿತ್ತಲಲ್ಲಿ." ಸೊಸೆ ಪೊಲೀಸರನ್ನು ಒಬ್ಬೊಬ್ಬರಾಗಿ ನೋಡಿದಳು. "ಆ ಗಿಡಗಳ ವಿಷಯ ತಾನೇ? ನಾನು ಅವತ್ತೇ ಅಂದೆ. ಒಂದು ವಾರದಿಂದ ಊಟ ತಿಂಡಿ ಎಲ್ಲಾ ಅಲ್ಲೇ. ಸ್ನಾನಕ್ಕಿಟ್ಟ ನೀರನ್ನೂ ಗಿಡಕ್ಕೇ ಹಾಕ್ತಾರೆ. ಏನು ಮಾವ ಇದು ಅಂದ್ರೆ, ಸಾಲ ತೀರಿಸ್ತಿದ್ದೀನಿ ಕಣಮ್ಮ ಅಂತಾರೆ. ನಮಗ್ಯಾರು ಮೇಡಂ ಸಾಲ ಕೊಟ್ಟಿದ್ದಾರೆ?"

ಹಿತ್ತಲಲ್ಲಿ ಬಣ್ಣದ ಡಬ್ಬಿ, ಎಣ್ಣೆಯ ಡಬ್ಬಿ, ಒಡೆದ ಬಕೆಟ್ಟುಗಳಲ್ಲಿ ಗಿಡಗಳು ಸಾಲಾಗಿದ್ದವು. ಮೇಲೆ ಹಳೇ ಸೀರೆಯ ನೆರಳು. ಒಂದೆಲೆಯೂ ಬಾಡಿರಲಿಲ್ಲ. ಪ್ರತಿ ಡಬ್ಬಿಯ ಸುತ್ತ ಬಿಳಿ ಪುಡಿಯ ಗೆರೆ, ರಂಗೋಲಿ ಎಳೆದಷ್ಟು ಅಚ್ಚುಕಟ್ಟು. ಮಾಲಿ ಸಣ್ಣ ಚೊಂಬು ಹಿಡಿದು ನಿಂತಿದ್ದ. ಪೊಲೀಸರನ್ನು ಕಂಡು ಅವನು ಗಾಬರಿಯಾಗಲಿಲ್ಲ. ಸಂಶೋಧಕಿಯನ್ನು ಕಂಡಾಗ ಮಾತ್ರ ಅವನ ಮುಖ ಅರಳಿತು.

"ಬಂದ್ಯಾ ಮಗಾ? ನೋಡು, ಒಂದೂ ಸಾಯಲಿಲ್ಲ. ಇಪ್ಪತ್ತು ಕಳೀಲಿ, ನಾನೇ ಬಂದು ಹೇಳೋಣ ಅಂತಿದ್ದೆ."

ಸಂಶೋಧಕಿ ಮೊದಲ ಡಬ್ಬಿಯ ಮುಂದೆ ಕೂತು ಎಲೆ ತಿರುವಿದಳು. ಎರಡನೆಯದು, ಮೂರನೆಯದು. ಎಲೆಗಳ ಕೆಳಗೆ ಅಕ್ಕಿಕಾಳಿನಷ್ಟು ಉದ್ದದ ಹುಳಗಳು ಬಿಳಿ ಬೂಷ್ಟು ಹೊದ್ದು ಅಂಟಿಕೊಂಡಿದ್ದವು. ಹತ್ತನೇ ಡಬ್ಬಿಯಲ್ಲೂ ಅದೇ. ಆದರೂ ಸಾಲು ಮುಗಿಯುವವರೆಗೆ ಬಿಡಲಿಲ್ಲ. ಕೊನೆಗೆ ಎದ್ದು, ಯಾರ ಮುಖವನ್ನೂ ನೋಡದೆ, ಮನೆಯೊಳಗಿಂದ ಹಾದು ಹೊರಗೆ ಹೋಗಿ ಜೀಪಿನ ಹಿಂದೆ ನಿಂತಳು.

"ಯಾಕೆ? ಏನಾಯ್ತು ಆ ಮಗೂಗೆ?" ಎಂದ ಮಾಲಿ.

ಇನ್‌ಸ್ಪೆಕ್ಟರ್ ಅಲ್ಲಿದ್ದ ಮಣೆಯ ಮೇಲೆ ಕೂತಳು. ಹೇಳಬೇಕಾದವಳು ತಾನೇ ಎಂದು ಅವಳಿಗೆ ಗೊತ್ತಾಯಿತು.

"ಇರುವೆ ಪುಡಿ ಯಾಕೆ ಹಾಕಿದ್ರಿ ಅಜ್ಜ?"

"ಹುಳದ ಮೇಲೆಲ್ಲ ಇರುವೆ ಮುತ್ಕೊಂಡಿದ್ವು ತಾಯಿ. ಕಚ್ಚಿ ತಿಂದುಬಿಟ್ರೆ? ಅಲ್ಲೇ ಬೇರಿಗೆ ಪುಡಿ ಉದುರಿಸಿ, ಒಂದೊಂದೇ ಇರುವೆ ಕೊಡವಿ, ಆಮೇಲೆ ತಂದೆ. ಗಿಡ ಕಿತ್ತು ನೆಡೋನು ಮೊದಲು ನೋಡೋದೇ ಇರುವೆ."

"ಅವು ಕಚ್ಚುತ್ತಿರಲಿಲ್ಲ. ಕಾಯ್ತಿದ್ವು."

ಅವಳು ಸಂಶೋಧಕಿ ಹೇಳಿದ್ದನ್ನೆಲ್ಲ ಹೇಳಿದಳು, ಸಿಹಿ ಹನಿ, ಬೂಷ್ಟು, ಐದಾರು ದಿನ. ಎಲ್ಲವೂ ತನಗೆ ಬಾಯಿಪಾಠವಾಗಿರುವುದು ಹೇಳುವಾಗಲೇ ತಿಳಿಯಿತು. ಮಾಲಿ ಚೊಂಬನ್ನು ಕೆಳಗಿಟ್ಟ. ಡಬ್ಬಿಯೊಂದರ ಎಲೆ ತಿರುವಿ ನೋಡಿದ. ಬಹಳ ಹೊತ್ತು ನೋಡುತ್ತಲೇ ಇದ್ದ.

"ಆ ಹುಡುಗಿಗೆ ಒಂದು ಮಾತು ಹೇಳಿ ಮಾಡಬಹುದಿತ್ತಲ್ಲ?" ಎಂದಳು ಇನ್‌ಸ್ಪೆಕ್ಟರ್.

"ಹೇಳಿದ್ರೆ ಬೇಡ ಅನ್ನೋದು. ಅರ್ಜಿ ಕೊಟ್ಟಿದ್ದೀನಿ, ಕಮಿಟಿ ಬರುತ್ತೆ ಅನ್ನೋದು. ಗಿರಣಿ ಮುಚ್ಚೋವಾಗಲೂ ಕಮಿಟಿ ಬಂದಿತ್ತು ತಾಯಿ. ಚಹಾ ಕುಡಿದು ಹೋದ್ರು."

"ಸಾಲ ಅಂದ್ರಂತೆ. ಯಾವ ಸಾಲ?"

ಮಾಲಿ ಕಿಟಕಿಯ ಕಡೆ ಕೈ ತೋರಿಸಿದ. ಒಳಗೆ ಗೂಡಿನಲ್ಲಿ ಒಂಬತ್ತು ಫಲಕಗಳಿದ್ದವು, ಒಂಬತ್ತರ ಮೇಲೂ ಅತ್ಯುತ್ತಮ ಹುಲ್ಲುಹಾಸು ಎಂದು ಕೆತ್ತಿತ್ತು.

"ಇಪ್ಪತ್ತೆಂಟು ವರ್ಷ ಇದೇ ಕಳೆ ಕಿತ್ತಿದ್ದೀನಿ. ಆಫೀಸಿನ ಮುಂದೆ, ಸಾಹೇಬರ ಬಂಗಲೆ, ಶಾಲೆ ಮೈದಾನ, ರಸ್ತೆ ಪಕ್ಕ. ಎಲ್ಲಿ ಹಳದಿ ಹೂ ಕಂಡ್ರೂ ಬೇರು ಸಮೇತ. ಎರಡು ವರ್ಷದ ಹಿಂದೆ ಈ ಮಗು ಬಂದು, ತಾತ, ಈ ಗಿಡ ಬೇರೆಲ್ಲಾದ್ರೂ ನೋಡಿದ್ದೀರಾ ಅಂತು. ಎಲ್ಲಾ ಕಡೆ ಇತ್ತು ಅಂದೆ. ಎಲ್ಲಿ ಹೋಯ್ತು ಅಂತ ಕೇಳ್ತು. ಗೊತ್ತಿಲ್ಲ ಅಂದುಬಿಟ್ಟೆ."

ಐದು ಮೂವತ್ತೈದಕ್ಕೆ ಅವನನ್ನು ಬಂಧಿಸಲಾಯಿತು. ಜೀಪು ಹತ್ತುವಾಗ ಅವನು ಸಂಶೋಧಕಿಯ ಎದುರು ಕೈಜೋಡಿಸಿ ನಿಂತ. ಅವಳು ಮುಖ ತಿರುಗಿಸಿದಳು. ಜಪ್ತಿ ಪಂಚನಾಮೆ ಬರೆಯಲು ಸವಿಸ್ತಾರ ಅಲ್ಲೇ ಉಳಿದ. ಆರೋಪಿಯಿಂದಲೇ ಪಂಚನೆಂದು ಸಹಿ ಹಾಕಿಸಿಕೊಂಡವನು ತಾನೆಂದು ಅವನ ಮೋರೆ ಸಪ್ಪಗಾಗಿತ್ತು. ಈ ಸಲ ಪಂಚರ ಮನೆ, ಕಸುಬು ಎಲ್ಲ ವಿಚಾರಿಸಿಕೊಂಡೇ ಕೂಡಿಸಿದ.

ಹದಿನೆಂಟನೇ ತಾರೀಖು ಬೆಳಗ್ಗೆ ಮೇಜಿನ ಮೇಲೆ ಹನ್ನೊಂದು ಪುಟ ಕಾದಿತ್ತು. ಇನ್‌ಸ್ಪೆಕ್ಟರ್ ಬಾಗಿಲು ಹಾಕಿಕೊಂಡು ಮೊದಲ ಅಕ್ಷರದಿಂದ ಓದಿದಳು. ಡಬ್ಬಿ ಸಂಖ್ಯೆ ಒಂದು, ನೀಲಿ ಬಣ್ಣ, ಹಿಡಿಕೆ ಮುರಿದದ್ದು. ಡಬ್ಬಿ ಸಂಖ್ಯೆ ಎರಡು, ತುಕ್ಕು ಹಿಡಿದದ್ದು. ಹಲ್ಲು ಸಿಡಿಯುತ್ತಿತ್ತು. ಹತ್ತನೇ ಪುಟಕ್ಕೆ ಬಂದಳು.

'ಡಬ್ಬಿಗಳಲ್ಲಿ ನಲವತ್ತೆರಡು ಗಿಡ ಮಾತ್ರ ಸಿಕ್ಕಿದ್ದರಿಂದ ಉಳಿದ ಒಂದರ ಬಗ್ಗೆ ಸೊಸೆಯನ್ನು ವಿಚಾರಿಸಲಾಗಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನೆಲದಲ್ಲಿ ನೆಟ್ಟಿರುವುದನ್ನು ತೋರಿಸಿದರು. ಪುಡಿ ಮುಗಿದುಹೋಗಿ ಇದೊಂದಕ್ಕೆ ಸಾಲಲಿಲ್ಲವೆಂದು ಮಾವ ಪೇಚಾಡುತ್ತಿದ್ದುದಾಗಿ ತಿಳಿಸಿದರು. ಸದರಿ ಗಿಡದ ಬುಡದ ಮಣ್ಣಿನಲ್ಲಿ ಹಾಗೂ ಕಾಂಡದ ಮೇಲೆ ಕೆಂಚು ಬಣ್ಣದ ಇರುವೆಗಳ ಓಡಾಟವಿರುತ್ತದೆ. ಬೇರು ಹರಿಯಬಹುದೆಂದು ಕಿತ್ತಿರುವುದಿಲ್ಲ.'

ಬೇರೆ ಯಾರಿಗೂ ಹೇಳುವ ಮೊದಲು ಇನ್‌ಸ್ಪೆಕ್ಟರ್ ಸಂಶೋಧಕಿಗೆ ಫೋನ್ ಮಾಡಿದಳು. ಎಂಟು ಸಲ ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದಳು. ಒಂದು ಗಂಟೆಯ ಮೇಲೆ, ಒಗೆಯುವ ಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಸಂಶೋಧಕಿ ಎರಡು ಬೆರಳಲ್ಲಿ ಎಲೆಯೊಂದನ್ನು ಎತ್ತಿ ಹಿಡಿದಿದ್ದಳು.

"ಮೂರು," ಎಂದಳು. ಸ್ವಲ್ಪ ಹೊತ್ತಿಗೆ, "ಇಲ್ಲ, ನಾಲ್ಕು." ಆಮೇಲೆ ಅಲ್ಲೇ ಅತ್ತಳು. ಸೊಸೆ ಸೆರಗಿನಿಂದ ಅವಳ ಮುಖ ಒರೆಸಿದಳು.

ಜಪ್ತಿಯಾದ ಗಿಡವನ್ನು ಸಿಕ್ಕಿದ ಜಾಗದಿಂದ ಮೂಲ ಜಾಗಕ್ಕೆ ಒಯ್ಯಲು, ಆರೋಪಿಯ ಸಮ್ಮುಖದಲ್ಲಿ ಗುಂಡಿ ಗುರುತಿಸಲು, ನ್ಯಾಯಾಲಯದ ಅನುಮತಿ ಬೇಕಿತ್ತು. ಹತ್ತೊಂಬತ್ತನೇ ತಾರೀಖು ಮಧ್ಯಾಹ್ನ ಒಂದೂವರೆಗೆ ಸಿಕ್ಕಿತು. ಎರಡು ಹತ್ತಕ್ಕೆ ಎಲ್ಲರೂ ಗಿರಣಿಯ ಹಿಂದಿನ ಎಕರೆಯಲ್ಲಿದ್ದರು. ನಾಲ್ಕು ಹುಳದಿಂದ ಕಮಿಟಿ ಏನು ತೀರ್ಮಾನಿಸುತ್ತದೋ ಯಾರಿಗೂ ಗೊತ್ತಿರಲಿಲ್ಲ. ನಾಳೆ ಬೆಳಗ್ಗೆ ಹನ್ನೊಂದಕ್ಕೆ ಅವರು ಬಂದಾಗ ತೋರಿಸಲು ಏನೋ ಒಂದು ಇರುತ್ತದೆ, ಅಷ್ಟೆ.

ಮಾಲಿ ಯಾರಿಗೂ ಗಿಡ ಮುಟ್ಟಲು ಬಿಡಲಿಲ್ಲ. ನಲವತ್ತಮೂರನೇ ಗುಂಡಿಯನ್ನು ತಾನೇ ತೋರಿಸಿದ. ಕೋಳ ತೆಗೆಯಿರಿ ಎಂದು ಇನ್‌ಸ್ಪೆಕ್ಟರ್ ಹೇಳಿದಳು. ಅವನು ಮಣ್ಣಿನ ಹೆಂಟೆ ಸಮೇತ ಗಿಡವನ್ನು ಎರಡೂ ಕೈಯಲ್ಲಿ ಎತ್ತಿ ಗುಂಡಿಗಿಳಿಸುವಾಗ ಬುಡದಲ್ಲಿದ್ದ ಇರುವೆಗಳು ಕೆರಳಿ ಅವನ ಕೈಗೇರಿದವು. ಮಣಿಕಟ್ಟು ದಾಟಿ ಮೊಣಕೈವರೆಗೆ ಹತ್ತಿದವು. ಕಚ್ಚಿದಲ್ಲಿ ಚರ್ಮ ಕೆಂಪಗೆ ಏಳುತ್ತಿತ್ತು.

"ಅಜ್ಜ, ಕೊಡವಿಕೊಳ್ಳಿ," ಎಂದ ಸವಿಸ್ತಾರ.

"ಬೇಡ. ಅವೇ ಇಳಿದು ಹೋಗಲಿ," ಎಂದ ಮಾಲಿ.

ಕೈಯನ್ನು ಗಿಡದ ಬುಡಕ್ಕೆ ಆನಿಸಿ ಅಲ್ಲಾಡದೆ ಕೂತ. ಸಂಶೋಧಕಿ ಇದುವರೆಗೆ ದೂರ ನಿಂತಿದ್ದವಳು ಬಂದು ಅವನ ಪಕ್ಕ ಮಂಡಿಯೂರಿದಳು. ಇಬ್ಬರೂ ಇರುವೆಗಳು ಒಂದೊಂದಾಗಿ ಇಳಿಯುವುದನ್ನು ನೋಡುತ್ತಿದ್ದರು. ಪೂರ್ತಿ ಇಳಿಯಲು ಇಪ್ಪತ್ತು ನಿಮಿಷವಾಯಿತು.

ಸವಿಸ್ತಾರ ಪೆನ್ನಿನ ಮುಚ್ಚಳ ತೆಗೆದು, ಇನ್‌ಸ್ಪೆಕ್ಟರ ಬಳಿ ಬಂದು ದನಿ ತಗ್ಗಿಸಿದ.

"ಇದನ್ನೂ ಬರೀಲಾ ಮೇಡಂ? ಚಿಕ್ಕದಾಗಿ ಬರೀತೀನಿ."

"ಇಲ್ಲ, ಪೂರ್ತಿ ಬರೀರಿ," ಎಂದಳು ಇನ್‌ಸ್ಪೆಕ್ಟರ್, ಕೆನ್ನೆಯನ್ನು ಒತ್ತಿಕೊಂಡು. "ನಾನು ಓದ್ತೀನಿ."